ನಿಂತ ಮರವಿಲ್ಲದ ಕಾಡು: ಪೆಟ್ರಿಫೈಡ್ ಫಾರೆಸ್ಟ್‌ನ 45 ಕಿಲೋಮೀಟರ್

ಪ್ರಶ್ನೆ: ಅಕ್ಟೋಬರ್‌ನಲ್ಲಿ ಅಮೆರಿಕದ ಫೀನಿಕ್ಸ್‌ನಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. ಗ್ರ್ಯಾಂಡ್ ಕ್ಯಾನ್ಯನ್ ನೋಡಿ, ಫ್ಲ್ಯಾಗ್‌ಸ್ಟಾಫ್‌ನಲ್ಲಿ ರಾತ್ರಿ ಉಳಿದು, ಮರುದಿನ ಕಾರಿನಲ್ಲಿ ಆಲ್ಬುಕರ್ಕಿಗೆ ಹೊರಡುತ್ತೇವೆ. ದಾರಿಯಲ್ಲಿ ಪೇಂಟೆಡ್ ಡೆಸರ್ಟ್ ಮತ್ತು ಪೆಟ್ರಿಫೈಡ್ ಫಾರೆಸ್ಟ್ ಎಂಬ ಕಲ್ಲಾದ ಮರಗಳ ರಾಷ್ಟ್ರೀಯ ಉದ್ಯಾನ ಸಿಗುತ್ತದಂತೆ. ಅರ್ಧ ದಿನ ಸಾಕೇ? ಯಾವ ಗೇಟಿನಿಂದ ಒಳಹೋಗಬೇಕು? ಜೊತೆಯಲ್ಲಿ ಮಂಡಿನೋವಿರುವ ಎಪ್ಪತ್ತರ ಅಮ್ಮ, ಒಂಬತ್ತು ವರ್ಷದ ಮಗ ಇರುತ್ತಾರೆ. ಎಲ್ಲಿ ಇಳಿದು ನಡೆಯಬಹುದು? ಮರ ಕಲ್ಲಾಗುವುದಾದರೂ ಹೇಗೆ? ಒಂದು ಚಿಕ್ಕ ಚೂರು ಮನೆಗೆ ತರಬಹುದೇ?

ಉತ್ತರ: ದಕ್ಷಿಣದ ಗೇಟಿನಿಂದ ಒಳಹೋಗಿ, ಉತ್ತರದ ಗೇಟಿನಿಂದ ಹೊರಬನ್ನಿ. ನೀವು ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಿರುವುದರಿಂದ ಇದರಲ್ಲಿ ಎರಡನೇ ಯೋಚನೆಯೇ ಬೇಡ. ಫ್ಲ್ಯಾಗ್‌ಸ್ಟಾಫ್‌ನಿಂದ ಇಂಟರ್‌ಸ್ಟೇಟ್ 40ರಲ್ಲಿ ಸುಮಾರು 90 ಮೈಲಿ ಹೋದರೆ ಹೋಲ್‌ಬ್ರೂಕ್ ಎಂಬ ಸಣ್ಣ ಊರು. ಅಲ್ಲಿ ಹೆದ್ದಾರಿ ಬಿಟ್ಟು ಯು.ಎಸ್. 180 ಹಿಡಿದು ಆಗ್ನೇಯಕ್ಕೆ ಸುಮಾರು 19 ಮೈಲಿ ಹೋದರೆ ದಕ್ಷಿಣ ಪ್ರವೇಶದ್ವಾರ ಬರುತ್ತದೆ. ಉದ್ಯಾನದೊಳಗಿನ ರಸ್ತೆ 28 ಮೈಲಿ, ಅಂದರೆ 45 ಕಿ.ಮೀ. ಅದು ಮುಗಿಯುವುದು ಮತ್ತೆ ಇಂಟರ್‌ಸ್ಟೇಟ್ 40ರ 311ನೇ ಎಕ್ಸಿಟ್‌ನಲ್ಲಿ. ಹೀಗೆ ಹೋದರೆ ಹಿಂದಿರುಗಿ ಓಡಿಸುವ ಕೆಲಸವಿಲ್ಲ. ಜಿಪಿಎಸ್‌ನಲ್ಲಿ ಉದ್ಯಾನದ ಹೆಸರನ್ನಷ್ಟೇ ಹಾಕಿದರೆ ಅದು ನಿಮ್ಮನ್ನು ಸೀದಾ ಉತ್ತರದ ಗೇಟಿಗೆ ಒಯ್ಯುವ ಸಾಧ್ಯತೆ ಹೆಚ್ಚು. ಆದ್ದರಿಂದ ‘ರೇನ್‌ಬೋ ಫಾರೆಸ್ಟ್ ಮ್ಯೂಸಿಯಂ’ ಎಂದು ಹಾಕಿ. ಅದು ದಕ್ಷಿಣದ ತುದಿಯಲ್ಲಿದೆ. ಉದ್ಯಾನದ ರಸ್ತೆ ನಡುವೆ ಇಂಟರ್‌ಸ್ಟೇಟನ್ನು ಮೇಲುಸೇತುವೆಯಲ್ಲಿ ದಾಟುತ್ತದೆ, ಆದರೆ ಅಲ್ಲಿ ಇಳಿಯಲು ಹತ್ತಲು ಕೂಡುದಾರಿ ಇಲ್ಲ. ಒಳಹೊಕ್ಕ ಮೇಲೆ ಹೊರಬರಲು ಎರಡು ತುದಿಗಳಷ್ಟೇ ದಾರಿ.

ಇನ್ನೊಂದು ಕಾರಣವೂ ಇದೆ. ಕಲ್ಲುಮರಗಳು ಹೆಚ್ಚಾಗಿರುವುದು ದಕ್ಷಿಣದಲ್ಲಿ, ಬಣ್ಣದ ಮರುಭೂಮಿ ಇರುವುದು ಉತ್ತರದಲ್ಲಿ. ಬಣ್ಣಕ್ಕೆ ಓರೆಬಿಸಿಲು ಬೇಕು. ಬೆಳಗ್ಗೆ ದಕ್ಷಿಣದಿಂದ ಹೊರಟವರು ಉತ್ತರದ ಅಂಚನ್ನು ಮುಟ್ಟುವಾಗ ಮಧ್ಯಾಹ್ನ ಇಳಿದಿರುತ್ತದೆ, ಕೆಂಪು ಗುಡ್ಡಗಳಿಗೆ ನೆರಳು ಬಂದಿರುತ್ತದೆ. ನಡುಹಗಲಿನಲ್ಲಿ ಅದೇ ಗುಡ್ಡಗಳು ಇಟ್ಟಿಗೆಪುಡಿ ಚೆಲ್ಲಿದಂತೆ ಚಪ್ಪಟೆಯಾಗಿ ಕಾಣುತ್ತವೆ. ಫೋಟೋ ಚೆನ್ನಾಗಿ ಬರಲಿಲ್ಲ ಎಂದು ದೂರುವವರಲ್ಲಿ ಹೆಚ್ಚಿನವರು ಹನ್ನೆರಡು ಗಂಟೆಗೆ ಅಲ್ಲಿದ್ದವರು.

ಸಮಯದ ಲೆಕ್ಕಕ್ಕೆ ಬರೋಣ. ಎಲ್ಲೂ ನಿಲ್ಲದೆ ಓಡಿಸಿದರೆ ಆ 28 ಮೈಲಿಗೆ ಒಂದು ಗಂಟೆ ಸಾಕು, ಹಾಗೆ ಮಾಡಿ ‘ನೋಡಿ ಬಂದೆವು’ ಎನ್ನುವವರೂ ಬೇಕಾದಷ್ಟು ಜನ. ನನ್ನ ಮಟ್ಟಿಗೆ ಅದು ಪೆಟ್ರೋಲ್ ದಂಡ. ಈ ಉದ್ಯಾನ ಕಿಟಕಿಯಿಂದ ನೋಡುವಂಥದ್ದಲ್ಲ. ಮೂರು ಕಡೆಯಾದರೂ ಇಳಿದು ಅರ್ಧರ್ಧ ಗಂಟೆ ನಡೆಯದಿದ್ದರೆ ಅದರ ಅರ್ಥವೇ ಸಿಗುವುದಿಲ್ಲ. ಆರು ಗಂಟೆ ಇಟ್ಟುಕೊಳ್ಳಿ, ನಾಲ್ಕಕ್ಕಿಂತ ಕಡಿಮೆಯಂತೂ ಬೇಡ. ಗೇಟು ಸಾಮಾನ್ಯವಾಗಿ ಬೆಳಗ್ಗೆ 8ಕ್ಕೆ ತೆರೆದು, ಋತುವಿಗೆ ತಕ್ಕಂತೆ ಸಂಜೆ 5–6ರ ಸುಮಾರಿಗೆ ಮುಚ್ಚುತ್ತದೆ. ಹೊರಡುವ ಹಿಂದಿನ ದಿನ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಜಾಲತಾಣದಲ್ಲಿ ಅಂದಿನ ವೇಳೆಯನ್ನೂ ಪ್ರವೇಶಶುಲ್ಕವನ್ನೂ ನೋಡಿಕೊಳ್ಳಿ. ಕಾರಿಗೆ 25 ಡಾಲರ್ ಇದ್ದು, ಒಮ್ಮೆ ಕೊಟ್ಟರೆ ಏಳು ದಿನ ನಡೆಯುತ್ತದೆ. ರಾತ್ರಿ ರಸ್ತೆಗೆ ಬೀಗ ಹಾಕುತ್ತಾರೆ. ಒಳಗೆ ತಂಗಲು ಹೋಟೆಲ್ಲಿಲ್ಲ, ಕಾರು ನಿಲ್ಲಿಸಿ ಡೇರೆ ಹಾಕುವ ತಾಣವೂ ಇಲ್ಲ.

ಗಡಿಯಾರದ ವಿಚಾರದಲ್ಲಿ ಒಂದು ಗೊಂದಲ ಇಲ್ಲಿ ಕಾದು ಕುಳಿತಿದೆ. ಅರಿಜೋನಾ ರಾಜ್ಯ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಸರಿಸುವುದಿಲ್ಲ. ಅದರೊಳಗೇ ಇರುವ, ನವಾಹೋ ಮೂಲನಿವಾಸಿಗಳ ಸ್ವಯಮಾಡಳಿತದ ಪ್ರದೇಶವಾದ ನವಾಹೋ ನೇಷನ್ ಸರಿಸುತ್ತದೆ, ಪಕ್ಕದ ನ್ಯೂ ಮೆಕ್ಸಿಕೋ ರಾಜ್ಯವೂ ಸರಿಸುತ್ತದೆ. ಉದ್ಯಾನ ನಡೆಯುವುದು ಅರಿಜೋನಾ ಗಡಿಯಾರದಲ್ಲಿ. ಹತ್ತಿರದ ಟವರ್ ಹಿಡಿದ ಮೊಬೈಲ್ ತಾನಾಗಿಯೇ ಒಂದು ಗಂಟೆ ಜಿಗಿಯುವುದುಂಟು. ಆದ್ದರಿಂದ ಫೋನಿನ ಸಮಯವನ್ನು ಫೀನಿಕ್ಸ್‌ಗೆ ಕೈಯಾರೆ ನಿಲ್ಲಿಸಿಬಿಡಿ. ಆಲ್ಬುಕರ್ಕಿಯ ಹೋಟೆಲ್‌ನ ಲೆಕ್ಕ ಹಾಕುವಾಗ ಅಕ್ಟೋಬರ್‌ನಲ್ಲಿ ಒಂದು ಗಂಟೆ ಕಳೆದುಹೋಗುತ್ತದೆ ಎಂಬುದನ್ನು ಮರೆಯಬೇಡಿ. 311ನೇ ಎಕ್ಸಿಟ್‌ನಿಂದ ಆಲ್ಬುಕರ್ಕಿ ಸುಮಾರು 205 ಮೈಲಿ, ಮೂರು ಗಂಟೆ. ನೀವು 4ಕ್ಕೆ ಹೊರಬಿದ್ದರೂ ಅಲ್ಲಿ ತಲುಪುವಾಗ ಅಲ್ಲಿನ ಗಡಿಯಾರ 8 ತೋರಿಸುತ್ತದೆ, ಅದರಲ್ಲಿ ಕೊನೆಯ ಭಾಗ ಕತ್ತಲೆಯ ಚಾಲನೆ. ಅಮ್ಮ ಜೊತೆಗಿದ್ದರೆ ನಾನು ಸುಮಾರು 70 ಮೈಲಿ ದೂರದ ಗ್ಯಾಲಪ್‌ನಲ್ಲೇ ರಾತ್ರಿ ಕಳೆಯಿರಿ ಎನ್ನುತ್ತೇನೆ.

ಈಗ ಒಂದು ನಿರಾಸೆಯನ್ನು ಮೊದಲೇ ತೀರಿಸಿಕೊಳ್ಳಿ. ಹೆಸರು ‘ಫಾರೆಸ್ಟ್’ ಎಂದಿದ್ದರೂ ಇಲ್ಲಿ ಕಲ್ಲಾಗಿ ನಿಂತ ಮರಗಳ ಸಾಲು ಕಾಣುವುದಿಲ್ಲ. ಹೆಚ್ಚುಕಡಿಮೆ ಎಲ್ಲವೂ ನೆಲಕ್ಕೊರಗಿದ ದಿಮ್ಮಿಗಳು, ಅದೂ ಕೊಂಬೆಯಿಲ್ಲದವು, ಬಹುಪಾಲು ತೊಗಟೆಯೂ ಇಲ್ಲದವು. ಇದರಲ್ಲೇ ಅವುಗಳ ಕಥೆ ಅಡಗಿದೆ. ಇಪ್ಪತ್ತೊಂದು–ಇಪ್ಪತ್ತೆರಡು ಕೋಟಿ ವರ್ಷಗಳ ಹಿಂದೆ, ಟ್ರಯಾಸಿಕ್ ಯುಗದ ಕೊನೆಯ ಭಾಗದಲ್ಲಿ, ಈ ನೆಲ ಪ್ಯಾಂಜಿಯಾ ಎಂಬ ಒಂದೇ ಮಹಾಖಂಡದ ಭಾಗವಾಗಿ ಸಮಭಾಜಕ ವೃತ್ತಕ್ಕೆ ಹತ್ತಿರವಿತ್ತು. ದೊಡ್ಡ ನದಿಗಳು, ಜೌಗು, ಬಿಸಿ ತೇವದ ಹವೆ. 200 ಅಡಿಯವರೆಗೆ ಬೆಳೆಯುತ್ತಿದ್ದ ಶಂಕುಧಾರಿ ಮರಗಳು ಬಿದ್ದು ಹೊಳೆಯಲ್ಲಿ ತೇಲಿ, ಕೊಂಬೆ ತೊಗಟೆ ಕಳೆದುಕೊಂಡು, ತಿರುವುಗಳಲ್ಲಿ ಅಡ್ಡಡ್ಡ ಸಿಕ್ಕಿಕೊಂಡು ರಾಶಿಯಾದವು. ಇವತ್ತು ನೀವು ನೋಡುವ ‘ಕಾಡು’ ನಿಜಕ್ಕೂ ಒಂದು ಹಳೆಯ ಪ್ರವಾಹದ ತ್ಯಾಜ್ಯ.

ರಾಶಿಬಿದ್ದ ದಿಮ್ಮಿಗಳ ಮೇಲೆ ಮರಳು, ಮೆಕ್ಕಲು ಬೇಗನೆ ಕೂತಿತು. ಗಾಳಿ ತಾಕದ ಕಾರಣ ಕೊಳೆಯುವುದು ನಿಧಾನವಾಯಿತು. ಮೆಕ್ಕಲಿನಲ್ಲಿ ಜ್ವಾಲಾಮುಖಿಯ ಬೂದಿಯೂ ಬೆರೆತಿತ್ತು. ಅಂತರ್ಜಲ ಆ ಬೂದಿಯಿಂದ ಸಿಲಿಕಾವನ್ನು ಕರಗಿಸಿಕೊಂಡು ಮರದೊಳಗೆ ಇಳಿದು, ಜೀವಕೋಶಗಳ ಟೊಳ್ಳುಗಳಲ್ಲಿ ಅದನ್ನು ಬಿಟ್ಟುಹೋಯಿತು. ಸಾವಯವ ಭಾಗ ಕರಗಿದ ಕಡೆಯಲ್ಲೆಲ್ಲ ಸ್ಫಟಿಕ ಬೆಳೆಯಿತು. ಹೀಗಾಗಿ ಈಗಿನ ದಿಮ್ಮಿ ಹೆಚ್ಚುಕಡಿಮೆ ಪೂರ್ತಿ ಕ್ವಾರ್ಟ್ಸ್ (ಬೆಣಚುಕಲ್ಲು), ಒಂದು ಘನ ಮೀಟರಿಗೆ ಸುಮಾರು 2,600 ಕಿಲೋ ತೂಕ. ಶುದ್ಧ ಕ್ವಾರ್ಟ್ಸ್ ಬಿಳಿ. ಕೆಂಪು, ಹಳದಿ, ಕಂದು ಬಂದಿರುವುದು ಕಬ್ಬಿಣದ ಆಕ್ಸೈಡ್‌ಗಳಿಂದ. ಕಪ್ಪು ಮತ್ತು ನೇರಳೆಯಲ್ಲಿ ಮ್ಯಾಂಗನೀಸ್‌ನ ಪಾಲಿದೆ.

ನಿಮ್ಮ ಮಗ ಬೆಳವಣಿಗೆಯ ಉಂಗುರ ಎಣಿಸಲು ಹೊರಟರೆ ಸೋಲುತ್ತಾನೆ. ಉಷ್ಣವಲಯದ ಹವೆಯಲ್ಲಿ ಬೆಳೆದ ಮರಗಳಿಗೆ ಸ್ಪಷ್ಟ ಉಂಗುರ ಮೂಡುವುದು ಕಡಿಮೆ. ಜೊತೆಗೆ ಇಲ್ಲಿನ ತುಂಬ ಬಣ್ಣದ ದಿಮ್ಮಿಗಳಲ್ಲಿ ಸ್ಫಟಿಕಗಳು ದಪ್ಪಗೆ ಬೆಳೆದು ಜೀವಕೋಶಗಳ ವಿನ್ಯಾಸವನ್ನೇ ನುಂಗಿಹಾಕಿವೆ. ಬಣ್ಣ ಹೆಚ್ಚಿದಷ್ಟೂ ಮರದ ವಿವರ ಕಡಿಮೆ ಎಂದು ಹೇಳಿದರೆ ಹೆಚ್ಚು ತಪ್ಪಾಗದು. ಗರಗಸದಲ್ಲಿ ಕೊಯ್ದಂತೆ ಸಮನಾಗಿ ತುಂಡಾಗಿರುವುದನ್ನು ನೋಡಿ ‘ಯಾರು ಕೊಯ್ದರು?’ ಎಂದು ಅವನು ಕೇಳುವುದಂತೂ ಖಂಡಿತ. ಯಾರೂ ಕೊಯ್ದಿಲ್ಲ. ಕ್ವಾರ್ಟ್ಸ್ ಗಟ್ಟಿ ನಿಜ, ಆದರೆ ಬಾಗದು. ಹೂತಿದ್ದಾಗಲೇ ಮೇಲಿನ ಭಾರಕ್ಕೆ, ಮುಂದೆ ಈ ನೆಲವಿರುವ ಕೊಲರಾಡೋ ಪ್ರಸ್ಥಭೂಮಿ ಮೇಲೆದ್ದಾಗಿನ ಒತ್ತಡಕ್ಕೆ, ಉದ್ದನೆಯ ದಿಮ್ಮಿ ಅಡ್ಡಲಾಗಿ ಬಿರುಕುಬಿಟ್ಟಿತು. ಮಣ್ಣು ಕೊಚ್ಚಿಹೋದಂತೆ ತುಂಡುಗಳು ಒಂದೊಂದಾಗಿ ಬೇರೆಯಾದವು.

ಬೆಂಗಳೂರಿನವರು ಇಂಥದ್ದನ್ನು ಊರಲ್ಲಿ ಏಕೆ ಕಂಡಿಲ್ಲ ಎಂಬುದಕ್ಕೆ ಲಾಲ್‌ಬಾಗ್‌ನ ಬಂಡೆಯೇ ಉತ್ತರ. ಅದಕ್ಕೆ ಸುಮಾರು 300 ಕೋಟಿ ವರ್ಷ. ಆಗ ಭೂಮಿಯ ಮೇಲೆ ಮರವೆಂಬುದೇ ಇರಲಿಲ್ಲ. ಪಕ್ಕದ ತಮಿಳುನಾಡಿನ ತಿರುವಕ್ಕರೈಯಲ್ಲಿ ಕಲ್ಲುಮರಗಳ ಸಂರಕ್ಷಿತ ತಾಣವಿದೆ, ಜೈಸಲ್ಮೇರ್ ಬಳಿಯ ಆಕಲ್‌ನಲ್ಲಿ ಜುರಾಸಿಕ್ ಕಾಲದವು ಇವೆ.

ಗೇಟು ದಾಟಿದ ಮೇಲೆ ಮೊದಲ ನಿಲುಗಡೆ ರೇನ್‌ಬೋ ಫಾರೆಸ್ಟ್ ಮ್ಯೂಸಿಯಂ. ಮಗನಿಗೆ ಅಲ್ಲಿ ಒಳ್ಳೆಯ ಅರ್ಧ ಗಂಟೆ ಇದೆ: ಮೊಸಳೆಯಂತೆ ಕಾಣುವ, ಆದರೆ ಮೊಸಳೆಯಲ್ಲದ ಫೈಟೋಸಾರ್, ಬೆನ್ನಿಗೆ ಕವಚವಿದ್ದ ಸಸ್ಯಾಹಾರಿ ಏಟೋಸಾರ್, ಆ ಕಾಲದ ಚಿಕ್ಕ ಡೈನೋಸಾರ್‌ಗಳು. ಫೈಟೋಸಾರ್ ಗುಂಪಿನ ಪಳೆಯುಳಿಕೆಗಳು ತೆಲಂಗಾಣದ ಪ್ರಾಣಹಿತಾ–ಗೋದಾವರಿ ಕಣಿವೆಯ ಅದೇ ಕಾಲದ ಶಿಲೆಗಳಲ್ಲೂ ಸಿಕ್ಕಿವೆ. ಮಹಾಖಂಡ ಒಂದೇ ಆಗಿತ್ತು ಎಂಬುದನ್ನು ಒಂಬತ್ತರ ಹುಡುಗನಿಗೆ ವಿವರಿಸಲು ಇದಕ್ಕಿಂತ ಸುಲಭದ ಎಳೆ ಇಲ್ಲ. ಕಟ್ಟಡದ ಹಿಂದೆಯೇ ಜೈಂಟ್ ಲಾಗ್ಸ್ ಸುತ್ತು, 0.4 ಮೈಲಿ. ‘ಓಲ್ಡ್ ಫೇತ್‌ಫುಲ್’ ಎಂಬ ದಿಮ್ಮಿಯ ಬುಡದ ಅಡ್ಡಳತೆ ಸುಮಾರು 10 ಅಡಿ. ದಾರಿಯಲ್ಲಿ ಮೆಟ್ಟಿಲುಗಳಿವೆ, ಮಂಡಿಗೆ ಹಿತವಲ್ಲ. ಅಮ್ಮ ಮೊದಲ ಒಂದೆರಡು ದಿಮ್ಮಿ ನೋಡಿ ಹಿಂದಿರುಗಿದರೂ ಸಾಕು.

ಎದುರಿಗೇ ಲಾಂಗ್ ಲಾಗ್ಸ್ (1.6 ಮೈಲಿ ಸುತ್ತು) ಮತ್ತು ಅಗೇಟ್ ಹೌಸ್ (ಹೋಗಿಬರಲು 2 ಮೈಲಿ) ಇವೆ. ಅಗೇಟ್ ಹೌಸ್ ಎಂದರೆ ಕಲ್ಲುಮರದ ತುಂಡುಗಳಿಂದಲೇ ಇಲ್ಲಿನ ಮೂಲನಿವಾಸಿಗಳ ಪೂರ್ವಜರು ಕಟ್ಟಿದ್ದ ಮನೆ, 1930ರ ದಶಕದಲ್ಲಿ ಭಾಗಶಃ ಮರುಕಟ್ಟಿದ್ದು. ನಿಮಗಿರುವ ಸಮಯದಲ್ಲಿ ಇವೆರಡನ್ನೂ ಬಿಡಿ ಎನ್ನುತ್ತೇನೆ. ಬದಲಿಗೆ ಉತ್ತರಕ್ಕೆ ಹೋಗಿ ಕ್ರಿಸ್ಟಲ್ ಫಾರೆಸ್ಟ್‌ನಲ್ಲಿ ಇಳಿಯಿರಿ: 0.75 ಮೈಲಿ, ಡಾಂಬರು ಹಾಕಿದ ದಾರಿ, ಅಲ್ಲಲ್ಲಿ ಸಣ್ಣ ಏರಿಳಿತ. ಅಮ್ಮನಿಗೆ ನಡೆಯಬಹುದಾದ ದಿಮ್ಮಿದಾರಿಗಳಲ್ಲಿ ಇದೇ ವಾಸಿ. ಬಗ್ಗಿ ನೋಡಿದರೆ ದಿಮ್ಮಿಗಳ ಟೊಳ್ಳುಗಳಲ್ಲಿ ಕ್ವಾರ್ಟ್ಸ್ ಹರಳು ಈಗಲೂ ಸಿಗುತ್ತವೆ, ಆದರೆ ಹೆಸರಿಗೆ ತಕ್ಕಷ್ಟಿಲ್ಲ. ದೊಡ್ಡ ಹರಳುಗಳನ್ನೂ ನೇರಳೆ ಅಮೆಥಿಸ್ಟನ್ನೂ ತೆಗೆಯಲು 19ನೇ ಶತಮಾನದ ಕೊನೆಯಲ್ಲಿ ದಿಮ್ಮಿಗಳನ್ನು ಡೈನಮೈಟ್ ಇಟ್ಟು ಸಿಡಿಸಿದರು. ಉಜ್ಜುಪುಡಿ ತಯಾರಿಸಲೆಂದು ಹತ್ತಿರದ ಅಡಮಾನಾದಲ್ಲಿ ದಿಮ್ಮಿ ಪುಡಿಮಾಡುವ ಗಿರಣಿಯೂ ಎದ್ದಿತು. ಇದನ್ನು ಕಂಡು ಗಾಬರಿಯಾದ ಅರಿಜೋನಾದ ಪ್ರಾಂತೀಯ ಶಾಸನಸಭೆ 1895ರಲ್ಲಿ ರಕ್ಷಣೆ ಕೋರಿ ಅಮೆರಿಕದ ಸಂಸತ್ತಿಗೆ ಮನವಿ ಕೊಟ್ಟಿತು. ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ 1906ರ ಡಿಸೆಂಬರ್ 8ರಂದು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿದ್ದು 1962ರಲ್ಲಿ.

ಜಾಸ್ಪರ್ ಫಾರೆಸ್ಟ್ ಕಾರು ನಿಲ್ಲಿಸಿ ಮೇಲಿನಿಂದ ನೋಡುವ ಜಾಗ. ಅಗೇಟ್ ಬ್ರಿಜ್‌ಗೆ ಐದು ನಿಮಿಷ ಸಾಕು. ಕೆಳಗಿನ ಮಣ್ಣು ಕೊಚ್ಚಿಹೋಗಿ ಹಳ್ಳದ ಮೇಲೆ ಸೇತುವೆಯಾಗಿ ಉಳಿದ 110 ಅಡಿಯ ದಿಮ್ಮಿ ಅದು. ಅಡಿಯಲ್ಲಿ ಕಾಣುವ ಕಾಂಕ್ರೀಟ್ ತೊಲೆ 1917ರದ್ದು. ಇಂದಿನ ನೀತಿಯಾಗಿದ್ದರೆ ಹಾಗೆ ಆಸರೆ ಕೊಡದೆ ಬೀಳಲು ಬಿಡುತ್ತಿದ್ದರು. ಮೇಲೆ ನಡೆಯುವುದು ನಿಷಿದ್ಧ.

ಇಡೀ ದಾರಿಯಲ್ಲಿ ಒಂದೇ ಕಡೆ ಇಳಿಯಲು ಸಾಧ್ಯ ಎಂದಾದರೆ ನಾನು ಆರಿಸುವುದು ಬ್ಲೂ ಮೇಸಾ. ಮುಖ್ಯರಸ್ತೆಯಿಂದ ಕವಲೊಡೆದು ಹೋಗುವ 3.5 ಮೈಲಿಯ ರಸ್ತೆ ಇದು. ಅವಸರದವರು ಬಿಡುವುದು ಇದನ್ನೇ. ನೀಲಿ, ಬೂದು, ನೇರಳೆ, ಬಿಳಿ ಪಟ್ಟೆಗಳ ದಿಬ್ಬಗಳ ನಡುವೆ ಒಂದು ಮೈಲಿಯ ಕಾಲ್ದಾರಿ ಇಳಿಯುತ್ತದೆ. ಶುರುವಿನ ಇಳಿಜಾರು ಕಡಿದು, ವಾಪಸಾಗುವಾಗ ಅದನ್ನೇ ಹತ್ತಬೇಕು. ಅಮ್ಮ ಮೇಲಿನ ವೀಕ್ಷಣಾಸ್ಥಳದಲ್ಲೇ ಕುಳಿತಿರಲಿ, ಅಲ್ಲಿಂದ ಕಾಣುವುದೂ ಕಡಿಮೆಯೇನಲ್ಲ. ನೀವು ಮಗನನ್ನು ಕರೆದುಕೊಂಡು ಇಳಿಯಿರಿ, 45 ನಿಮಿಷದಿಂದ ಒಂದು ಗಂಟೆ. ಇಲ್ಲಿನ ಪದರ ಉತ್ತರದ ಕೆಂಪು ಪದರಕ್ಕಿಂತ ಹಳೆಯದು. ನೀರು ನಿಂತ ಮಣ್ಣಿನಲ್ಲಿ ಕಬ್ಬಿಣಕ್ಕೆ ಆಮ್ಲಜನಕ ಸಿಗದೆ ನೀಲಿಬೂದು ಬಣ್ಣ ಉಳಿಯಿತು. ನೀರು ಬಸಿದು ಒಣಗುತ್ತಿದ್ದ ಮಣ್ಣಿನಲ್ಲಿ ಕಬ್ಬಿಣ ತುಕ್ಕುಹಿಡಿದು ಕೆಂಪಾಯಿತು. ಬೆಳಕಿನ ವಿಷಯದಲ್ಲಿ ಬ್ಲೂ ಮೇಸಾದ ಸ್ವಭಾವ ಉಲ್ಟಾ: ಮೋಡ ಮುಸುಕಿದಾಗ, ಮಳೆ ಬಂದುಹೋದ ಮೇಲೆ ನೀಲಿ ಎದ್ದು ಕಾಣುತ್ತದೆ.

ಆದರೆ ಮಳೆ ಬಿದ್ದ ಕೂಡಲೇ ಇಳಿಯಬೇಡಿ. ಈ ದಿಬ್ಬಗಳ ಮಣ್ಣು ಬೆಂಟೊನೈಟ್, ಜ್ವಾಲಾಮುಖಿ ಬೂದಿ ಬದಲಾಗಿ ಆದ ಜೇಡಿ. ನಮ್ಮ ವಿಜಯಪುರ, ಧಾರವಾಡ ಸೀಮೆಯ ಎರೆಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿಬಿಡುವುದು ಯಾವ ಗುಂಪಿನ ಖನಿಜದಿಂದಲೋ, ಇಲ್ಲಿಯೂ ಅದೇ ಗುಂಪು. ನೀರು ಕುಡಿದು ಹಲವು ಪಟ್ಟು ಉಬ್ಬುತ್ತದೆ, ಒಣಗಿದಾಗ ಸಿಡಿದು ಅರಳರಳಾಗುತ್ತದೆ. ಅದಕ್ಕೇ ಗಿಡ ಬೇರೂರುವುದಿಲ್ಲ, ಅದಕ್ಕೇ ಬಣ್ಣ ಬತ್ತಲಾಗಿ ಕಾಣುತ್ತದೆ. ತೊಯ್ದಾಗ ಶೂ ಅಡಿಗೆ ಎರಡಂಗುಲ ಅಂಟಿಕೊಂಡು ಕಾಲು ಜಾರುತ್ತದೆ. ಒಣಗಿದ್ದಾಗಲೂ ದಿಬ್ಬ ಹತ್ತಬೇಡಿ; ಮೇಲ್ಮೈ ಪುಡಿಯಾಗಿ ಹೆಜ್ಜೆಗುರುತು ಬಹುಕಾಲ ಉಳಿಯುತ್ತದೆ. ದಿಮ್ಮಿಯ ಅಡಿ ಕೈಹಾಕುವುದೂ ಬೇಡ, ಇದು ರ‍್ಯಾಟಲ್ ಹಾವಿನ ಸೀಮೆ.

ಬ್ಲೂ ಮೇಸಾ ದಾಟಿದ ಮೇಲೆ ಶಂಕುವಿನಾಕಾರದ ಟೀಪೀಸ್ ದಿಬ್ಬಗಳನ್ನು ಕಾರಿನಿಂದಲೇ ನೋಡಬಹುದು. ನ್ಯೂಸ್‌ಪೇಪರ್ ರಾಕ್‌ನಲ್ಲಿ 650ಕ್ಕೂ ಹೆಚ್ಚು ಕಲ್ಲುಕೆತ್ತನೆಗಳಿವೆ, ಆದರೆ ಹತ್ತಿರ ಬಿಡುವುದಿಲ್ಲ. ಮೇಲಿನ ಕಟ್ಟೆಯ ದೂರದರ್ಶಕದಿಂದ ನೋಡಬೇಕು. ಪ್ವೆರ್ಕೋ ಪ್ವೆಬ್ಲೋದಲ್ಲಿ ನೂರಕ್ಕೂ ಹೆಚ್ಚು ಕೋಣೆಗಳಿದ್ದ, 14ನೇ ಶತಮಾನದ ಕೊನೆಯ ಹೊತ್ತಿಗೆ ಜನ ಬಿಟ್ಟುಹೋದ ಊರಿನ ಅಡಿಪಾಯವಿದೆ. ದಾರಿ 0.3 ಮೈಲಿ, ಸಮತಟ್ಟು, ಅಮ್ಮನಿಗೆ ತೊಂದರೆಯಿಲ್ಲ. ಅಲ್ಲಿ ಕೆತ್ತನೆಗಳು ಹತ್ತಿರದಿಂದ ಕಾಣುತ್ತವೆ, ಶೌಚಾಲಯವೂ ಇದೆ. ಎರಡು ತುದಿಗಳ ನಡುವೆ ಶೌಚಾಲಯ ಅಪರೂಪವಾದ್ದರಿಂದ ಇದನ್ನು ನೆನಪಿಡಿ.

ರೈಲುಹಳಿ, ಹೆದ್ದಾರಿ ದಾಟಿದ ಕೂಡಲೇ ರಸ್ತೆಬದಿಯಲ್ಲಿ ತುಕ್ಕುಹಿಡಿದ 1932ರ ಸ್ಟುಡೆಬೇಕರ್ ಕಾರು ನಿಂತಿದೆ. ಒಂದು ಕಾಲದ ಪ್ರಸಿದ್ಧ ಹೆದ್ದಾರಿ ರೂಟ್ 66 ಹಾದುಹೋಗುತ್ತಿದ್ದ ಜಾಗ ಅದು. ಸಾಲು ವಿದ್ಯುತ್ ಕಂಬಗಳಷ್ಟೇ ಈಗ ಅದರ ಗುರುತು. ಅಲ್ಲಿಂದ ಮುಂದೆ ಪೇಂಟೆಡ್ ಡೆಸರ್ಟ್‌ನ ಅಂಚು: ಲೇಸಿ, ವಿಪ್ಪಲ್, ನಿಜೋನಿ, ಪಿಂಟಾಡೋ, ಚಿಂಡಿ, ಕಚೀನಾ, ಟಾವಾ, ಟಿಪೋನಿ ಎಂದು ಒಂದರ ಹಿಂದೊಂದು ವೀಕ್ಷಣಾಸ್ಥಳಗಳು. ಎಂಟರಲ್ಲೂ ನಿಂತರೆ ಮಗನಿಗೆ ಬೇಸರ ಬರುತ್ತದೆ, ನನ್ನ ಪ್ರಕಾರ ಪಿಂಟಾಡೋ ಮತ್ತು ಕಚೀನಾ ಸಾಕು. ಪಿಂಟಾಡೋದಲ್ಲಿ ನೋಟ ಎಲ್ಲಕ್ಕಿಂತ ಅಗಲ. ಕಚೀನಾದಲ್ಲಿ ಪೇಂಟೆಡ್ ಡೆಸರ್ಟ್ ಇನ್ ಎಂಬ ಹಳೆಯ ಕಟ್ಟಡವಿದೆ. ಈಗ ತಂಗಲು ಕೊಡುವುದಿಲ್ಲ, ವಸ್ತುಸಂಗ್ರಹಾಲಯವಾಗಿದೆ. ಒಳಗೋಡೆಗಳ ಮೇಲೆ ಹೋಪಿ ಎಂಬ ಮೂಲನಿವಾಸಿ ಸಮುದಾಯದ ಕಲಾವಿದ ಫ್ರೆಡ್ ಕಬೋಟಿ 1940ರ ದಶಕದ ಕೊನೆಯಲ್ಲಿ ಬರೆದ ಭಿತ್ತಿಚಿತ್ರಗಳನ್ನು ತಪ್ಪಿಸಬೇಡಿ. ಕಟ್ಟಡದ ಹಿಂಬದಿಯಿಂದಲೇ ಕೆಂಪು ಕಣಿವೆ ಪೂರ್ತಿ ಕಾಣುವುದರಿಂದ ಅಮ್ಮನಿಗೆ ಇದಕ್ಕಿಂತ ಅನುಕೂಲದ ಜಾಗ ಉದ್ಯಾನದಲ್ಲಿಲ್ಲ. ನಡೆಯುವ ಮನಸ್ಸಿದ್ದರೆ ಅಲ್ಲಿಂದ ಟಾವಾ ಪಾಯಿಂಟ್‌ಗೆ ಅಂಚಿನ ಮೇಲೇ ಹೋಗಿಬರಲು ಒಂದು ಮೈಲಿ.

ಹಾಗಾಗಿ 7ಕ್ಕೆ ಫ್ಲ್ಯಾಗ್‌ಸ್ಟಾಫ್ ಬಿಟ್ಟರೆ 9ರ ಸುಮಾರಿಗೆ ಗೇಟಿನಲ್ಲಿರುತ್ತೀರಿ. ಮ್ಯೂಸಿಯಂ, ಜೈಂಟ್ ಲಾಗ್ಸ್ ಮುಗಿಸಿ ಕ್ರಿಸ್ಟಲ್ ಫಾರೆಸ್ಟ್‌ಗೆ ಹತ್ತೂಕಾಲು, ಬ್ಲೂ ಮೇಸಾಕ್ಕೆ ಹನ್ನೊಂದೂವರೆ, ಪ್ವೆರ್ಕೋಗೆ ಒಂದು, ಕೆಂಪು ಅಂಚಿಗೆ ಎರಡು. ಎಲ್ಲೋ ಒಂದು ಕಡೆ ತಡವಾದರೆ ಕಡಿತ ಮಾಡಬೇಕಾದ್ದು ಜಾಸ್ಪರ್ ಫಾರೆಸ್ಟ್ ಮತ್ತು ನ್ಯೂಸ್‌ಪೇಪರ್ ರಾಕ್.

ಯಾವ ಸಾಧಾರಣ ಬಾಡಿಗೆ ಕಾರೂ ಸಾಕು, ರಸ್ತೆ ಪೂರ್ತಿ ಡಾಂಬರು. ಪೆಟ್ರೋಲ್ ಬಂಕ್ ಉತ್ತರದ ತುದಿಯಲ್ಲಷ್ಟೇ ಇದೆ, ಹೋಲ್‌ಬ್ರೂಕ್‌ನಲ್ಲೇ ತುಂಬಿಸಿಕೊಳ್ಳಿ. ನೀರು ಸಿಗುವುದೂ ಎರಡು ತುದಿಗಳಲ್ಲೇ. ಅಕ್ಟೋಬರ್‌ನಲ್ಲಿ ತಲೆಗೆ ಎರಡು ಲೀಟರ್, ಬೇಸಿಗೆಯಾದರೆ ಮೂರು. ಊಟಕ್ಕೆ ಉತ್ತರದ ಸಂದರ್ಶಕ ಕೇಂದ್ರದ ಬಳಿ ಒಂದು ಉಪಾಹಾರಗೃಹ ಇದೆ, ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ. ಪುಳಿಯೋಗರೆ, ಚಪಾತಿ ಕಟ್ಟಿಕೊಂಡು ಹೋಗುವುದೇ ಲೇಸು. ಮೇಜುಗಳು ರೇನ್‌ಬೋ ಫಾರೆಸ್ಟ್ ಮತ್ತು ಚಿಂಡಿ ಪಾಯಿಂಟ್‌ನಲ್ಲಿವೆ. ಎತ್ತರ 5,300ರಿಂದ 6,200 ಅಡಿ. ಹಗಲು ಹಿತವಾಗಿದ್ದರೂ ಗಾಳಿ ಚಳಿ ತರುತ್ತದೆ, ಸಂಜೆಗೆ ಸ್ವೆಟರ್ ಬೇಕೇ ಬೇಕು. ನೆರಳು ಎಲ್ಲೂ ಇಲ್ಲ. ಮೊಬೈಲ್ ಸಂಪರ್ಕ ಬಂದುಹೋಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಡ್ರೋನ್ ನಿಷಿದ್ಧ. ನಿಮ್ಮ ತಮ್ಮ ತನ್ನ ನಾಯಿಯನ್ನೂ ಕರೆತರುವುದಾದರೆ ಪಟ್ಟಿ ಕಟ್ಟಿ ಕಾಲ್ದಾರಿಗಳಲ್ಲೂ ಓಡಾಡಿಸಬಹುದು. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಈ ಸೌಲಭ್ಯ ಅಪರೂಪ.

ಕೊನೆಗೆ ಆ ಚೂರಿನ ಪ್ರಶ್ನೆ. ಉದ್ಯಾನದೊಳಗಿನಿಂದ ಉಗುರಿನಷ್ಟು ಚೂರನ್ನೂ ತರುವಂತಿಲ್ಲ, ಅದು ಫೆಡರಲ್ ಅಪರಾಧ. ವೀಸಾದ ಮೇಲೆ ಬಂದವರಂತೂ ಈ ಗೊಡವೆಗೆ ಹೋಗಲೇಬಾರದು. ಕದ್ದು ಒಯ್ದವರು ವರ್ಷಗಳ ನಂತರ ಪಶ್ಚಾತ್ತಾಪದ ಪತ್ರ ಬರೆದು ಅಂಚೆಯಲ್ಲಿ ವಾಪಸು ಕಳಿಸುತ್ತಾರೆ. ಹಾಗೆ ಬಂದ ಕಲ್ಲನ್ನು ಎಲ್ಲಿಂದ ಎತ್ತಿದ್ದೆಂದು ತಿಳಿಯದ ಕಾರಣ ಮತ್ತೆ ದಿಮ್ಮಿಗಳ ನಡುವೆ ಇಡುವಂತಿಲ್ಲ, ಬೇರೆಯೇ ಒಂದು ರಾಶಿಗೆ ಸುರಿಯುತ್ತಾರೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡೀನಿ ಅವರ ತಂಡ ಇಲ್ಲೊಂದು ಪ್ರಯೋಗ ಮಾಡಿತ್ತು. ಕಾಲ್ದಾರಿಯಲ್ಲಿ ಗುರುತು ಹಾಕಿದ ಚೂರುಗಳನ್ನಿಟ್ಟು ಬೇರೆಬೇರೆ ಫಲಕ ನಿಲ್ಲಿಸಿದರು. ‘ಹಿಂದೆ ಬಂದ ಹಲವರು ಒಯ್ದು ಕಾಡು ಹಾಳಾಗಿದೆ’ ಎಂಬ ಫಲಕವಿದ್ದಾಗ ಸುಮಾರು 8% ಚೂರುಗಳು ಕಾಣೆಯಾದವು. ‘ದಯವಿಟ್ಟು ಒಯ್ಯಬೇಡಿ’ ಎಂದಷ್ಟೇ ಇದ್ದಾಗ 2%ಕ್ಕೂ ಕಡಿಮೆ. ‘ಎಲ್ಲರೂ ಮಾಡುತ್ತಾರೆ, ನೀವು ಮಾಡಬೇಡಿ’ ಎಂದು ಗದರಿದರೆ ಜನ ಕೇಳಿಸಿಕೊಳ್ಳುವುದು ಮೊದಲ ಭಾಗವನ್ನು ಮಾತ್ರ.

ಬೇಕಿದ್ದರೆ ಖರೀದಿಸಿ. ಹೊರಗಿನ ಖಾಸಗಿ ಜಮೀನಿನಲ್ಲಿ ಅಗೆದ ಕಲ್ಲುಮರವನ್ನು ಹೋಲ್‌ಬ್ರೂಕ್ ಸುತ್ತಲಿನ ಅಂಗಡಿಗಳು ಕಾನೂನುಬದ್ಧವಾಗಿ ಮಾರುತ್ತವೆ. ನೀವು ಉದ್ಯಾನಕ್ಕೆ ಹೋಗುವ ಮೊದಲೇ ಹೋಲ್‌ಬ್ರೂಕ್ ದಾಟುವುದರಿಂದ ಒಂದು ಎಚ್ಚರ: ಕೊಂಡಿದ್ದರೆ ರಸೀದಿ ಜೊತೆಗಿರಲಿ, ಒಳಹೋಗುವಾಗಲೇ ಗೇಟಿನಲ್ಲಿ ತೋರಿಸಿ ಹೇಳಿಬಿಡಿ, ಹೊರಬರುವಾಗ ಕೇಳಿದರೆ ವಾದಕ್ಕೆ ಆಸ್ಪದವಿರದು. ನಯಮಾಡಿದ ಬಿಲ್ಲೆ ಕಣ್ಣಿಗೆ ಹಗುರ ಕಂಡರೂ 20 ಸೆಂ.ಮೀ. ಅಗಲ, 3 ಸೆಂ.ಮೀ. ದಪ್ಪದ್ದು ಎರಡೂವರೆ ಕಿಲೋ ತೂಗುತ್ತದೆ. ಅದನ್ನು ಕೈಚೀಲದಲ್ಲಿಡದೆ ಚೆಕ್-ಇನ್ ಸೂಟ್‌ಕೇಸಿನ ನಡುಭಾಗದಲ್ಲಿ ಬಟ್ಟೆ ಸುತ್ತಿ ಇಡಿ. ಅಂಚಿಗೆ ಪೆಟ್ಟು ಬಿದ್ದರೆ ಚಕ್ಕೆ ಏಳುತ್ತದೆ.